ಕ್ರಮಬದ್ಧವಾಗಿ ಸಾಗಿಸಿದ ಆಕಾಶ

ನಾನು ಬೆಳಿಗ್ಗೆ ಐದಕ್ಕೆ ಏಳುತ್ತೇನೆ. ಐದೂಕಾಲಿಗೆ ಹಾಸಿಗೆ ಮಡಚುತ್ತೇನೆ. ಅದರ ಮೇಲೆ ಯಜಮಾನರು ಮಲಗಿದ್ದರೂ ಸರಿ. ಇಂಥವಳ ಕೈಗೆ ಒಂದು ಆಕಾಶ ಒಪ್ಪಿಸಿದರೆ ಅದು ಸುರಕ್ಷಿತವಾಗಿ ಖಾನಾಪುರ ಸೇರುತ್ತದೆ ಎಂದು ತಾರಾಲಯ ಸಮಿತಿಯವರು ನಂಬಿದ್ದರಲ್ಲಿ ತಪ್ಪೇನಿಲ್ಲ.

ಟಿಳಕವಾಡಿಯ ನಮ್ಮ ಹಳೆಯ ತಾರಾಲಯದ ಗುಮ್ಮಟ ಸೋರುತ್ತಿತ್ತು. ಮಳೆಗಾಲದಲ್ಲಿ ಸಪ್ತರ್ಷಿಮಂಡಲದಿಂದ ಹನಿ ಬಿದ್ದು ಪ್ರೇಕ್ಷಕರ ತಲೆ ಒದ್ದೆಯಾಗುತ್ತಿತ್ತು. ಆದ್ದರಿಂದ ತಾರಾಲಯವನ್ನು ಖಾನಾಪುರದ ಹೊಸ ಕಟ್ಟಡಕ್ಕೆ ಸಾಗಿಸಿ, ಕಂಪ್ಯೂಟರ್ ಪ್ರೊಜೆಕ್ಟರ್ ಕೂಡಿಸುವುದೆಂದು ತೀರ್ಮಾನವಾಯಿತು. ನಾನು ನಿವೃತ್ತಿಯವರೆಗೆ ನಡೆಸಿದ, ಗುಮ್ಮಟದಲ್ಲಿ ಸೂರ್ಯ ಚುಕ್ಕಿಗಳನ್ನು ಮೂಡಿಸುವ ಹಳೆಯ ನಕ್ಷತ್ರಯಂತ್ರ ಗುಜರಿಗೆ. ಸುದ್ದಿ ಕೇಳಿ ನನಗೆ ಊಟ ಸೇರಲಿಲ್ಲ. ಆದರೂ ಒಂದು ಗಂಟೆಗೆ ಸರಿಯಾಗಿ ಉಂಡೆ.

ಸಮಿತಿಯ ಅಧ್ಯಕ್ಷ ಚೌಗುಲೆಯವರ ಬಳಿ ಹೋಗಿ ಯಂತ್ರ ಉಳಿಸಿರೆಂದು ಕೇಳಿಕೊಂಡೆ.

"ಆತ್ರಿ ಅಕ್ಕೋರ," ಎಂದರು. "ಮೊದಲನೇ ಪ್ರದರ್ಶನ ನಿಮ್ಮ ಯಂತ್ರದ್ದ ಇರಲಿ. ಅದು ಒಂದೂ ತಪ್ಪು ಮಾಡಲಿಲ್ಲ ಅಂದ್ರ ಗಾಜಿನ ಪೆಟಗ್ಯಾಗ ಇಟ್ಟು ಬಾಗಲದಾಗ ನಿಲ್ಲಸ್ತೀವಿ. ತಪ್ಪ ಮಾಡಿತು, ಗುಜರಿ."

ಯಂತ್ರ ತಪ್ಪುವುದೇ? ಅದೂ ನಾನಿರುವಾಗ!

ಗುಮ್ಮಟದ ಅಂಚಿನ ಸುತ್ತ ದಿಗಂತದ ಚಿತ್ರದ ಹನ್ನೆರಡು ಹಲಗೆಗಳಿದ್ದವು. ಪೂರ್ವಕ್ಕೆ ಶಹಾಪುರದ ಮಾಳಿಗೆಗಳು, ಪಶ್ಚಿಮಕ್ಕೆ ಸಹ್ಯಾದ್ರಿಯ ಗುಡ್ಡಗಳು. ಬಿಚ್ಚುವ ಮೊದಲು ನಾನು ಸಭಾಂಗಣದ ನಡುವೆ ಚಾಪೆ ಹಾಸಿ ಅಂಗಾತ ಮಲಗಿದೆ. ನೋಟುಪುಸ್ತಕವನ್ನು ಮುಖದ ಮೇಲೆ ಎತ್ತಿ ಹಿಡಿದು, ಕಂಡದ್ದನ್ನು ಕಂಡಂತೆ ನಕಾಶೆ ಬರೆದೆ. ಪ್ರತಿ ಹಲಗೆಗೂ ನಂಬರು ಕೊಟ್ಟೆ.

ಊಟದ ಡಬ್ಬಿ ತಂದ ಯಜಮಾನರು ಬಾಗಿಲಲ್ಲೇ ನಿಂತರು. "ನನ್ನ ಐದಕ್ಕ ಎಬ್ಬಸ್ತಿ. ನೀ ಇಲ್ಲಿ ಬಂದು ಮಲಗ್ತಿ."

ಖಾನಾಪುರದಲ್ಲಿ ಹಲಗೆ ಜೋಡಿಸಲು ಅಲ್ಲಿಯವನೇ ಆದ ಪುಂಡಲೀಕ ಮಿಸ್ತ್ರಿ ಬಂದ. ನಾನು ನಕಾಶೆಯನ್ನು ನೆಲದ ಮೇಲೆ ಹಾಸಿ, ದಿಕ್ಸೂಚಿ ಇಟ್ಟು ಉತ್ತರಕ್ಕೆ ಉತ್ತರ ಹೊಂದಿಸಿದೆ. ನಾಲ್ಕು ಮೂಲೆಗೆ ನಾಲ್ಕು ಕಲ್ಲು. ಪುಂಡಲೀಕ ಅದನ್ನು ನೋಡಿ ತಲೆ ಕೆರೆದುಕೊಂಡ.

"ಅಕ್ಕೋರ, ಇದರಾಗ ಗುಡ್ಡ ಸೂರ್ಯಾ ಹುಟ್ಟೂ ಕಡೆ ಬಂದಾವಲ್ರಿ. ಖರೇ ಗುಡ್ಡ ಸೂರ್ಯಾ ಮುಳಗೂ ಕಡೆ, ಜಾಂಬೋಟಿ ಕಡೆ ಅದಾವು."

"ಪುಂಡಲೀಕ, ಕಾಗದದಾಗ ಹೆಂಗೈತೋ ಹಂಗ ಹಚ್ಚು."

"ಹಚ್ಚತೇನ್ರಿ. ಕಾಗದ ನಿಮ್ದು, ಗುಡ್ಡಾನೂ ನಿಮ್ವ."

ನನ್ನ ವೇಳಾಪಟ್ಟಿಯಲ್ಲಿ ಮೂರರಿಂದ ಮೂರೂವರೆ ತಾಲೀಮು. ಕೊನೆಯ ಹಲಗೆ ಕೂತಾಗ ಮೂರು ನಲವತ್ತು. ತಾಲೀಮಿನ ವೇಳೆ ಮುಗಿದಿದ್ದರಿಂದ ತಾಲೀಮೂ ಮುಗಿಯಿತೆಂದು ಗುರುತು ಹಾಕಿದೆ.

ನಾಲ್ಕಕ್ಕೆ ಸರಿಯಾಗಿ ಮೊದಲ ಪ್ರದರ್ಶನಕ್ಕೆ ದೀಪ ಆರಿಸಿದೆ. "ಮಾನ್ಯ ಪ್ರೇಕ್ಷಕರೇ, ಪೂರ್ವದ ಶಹಾಪುರದತ್ತ ನೋಡಿ. ಇನ್ನೇನು ಸೂರ್ಯೋದಯ."

ಎಲ್ಲರೂ ನೋಡಿದರು. ಶಹಾಪುರ ಕತ್ತಲಲ್ಲೇ ಇತ್ತು.

ಒಬ್ಬ ಅಜ್ಜಿ ಮೆಲ್ಲಗೆ ಹೇಳಿದಳು: "ಅಕ್ಕೋರ, ನಿಮ್ಮ ಸೂರ್ಯಾ ನಮ್ಮ ಬೆನ್ನಿಂದ ಬಂದು ನಿಂತಾನ್ರಿ."

ತಿರುಗಿ ನೋಡಿದರೆ ಸೂರ್ಯ ಸಹ್ಯಾದ್ರಿಯ ಮೇಲೆ ಆರಾಮವಾಗಿ ಹುಟ್ಟಿದ್ದ. ನಾನು ಗಾಬರಿಯಿಂದ ಸೂರ್ಯನನ್ನು ಓಡಿಸುವ ಯಂತ್ರದ ಹಿಡಿಕೆಯನ್ನು ಉಲ್ಟಾ ತಿರುಗಿಸಿದೆ. ಸೂರ್ಯ ಬಂದ ದಾರಿಯಲ್ಲೇ ಗುಡ್ಡದ ಹಿಂದೆ ಇಳಿದ. ಇನ್ನಷ್ಟು ಜೋರಾಗಿ ತಿರುಗಿಸಿದೆ. ಶಹಾಪುರದಿಂದ ಎದ್ದ! ನಿಟ್ಟುಸಿರು ಬಿಡುವಷ್ಟರಲ್ಲಿ ಹಿಡಿಕೆ ಕಿತ್ತು ಕೈಗೆ ಬಂತು. ಯಂತ್ರ ನಿಲ್ಲಲಿಲ್ಲ. ಸೂರ್ಯ ಹುಟ್ಟಿದ, ಮುಳುಗಿದ. ಹುಟ್ಟಿದ, ಮುಳುಗಿದ.

"ನಾಕ ದಿವಸ ಆತು," ಎಂದರು ಮುಂದಿನ ಸಾಲಿನ ಹಿರಿಯರೊಬ್ಬರು. "ಒಂದ್ ಕಪ್ ಚಹಾ ಬರಲಿಲ್ಲ."

ಯಜಮಾನರು ಪ್ಲಗ್ ಕಿತ್ತರು.

ದೀಪ ಹತ್ತಿದಾಗ ಚೌಗುಲೆಯವರ ಮುಖ ನೋಡಿದೆ. ಅದರಲ್ಲಿ ಗುಜರಿ ಅಂಗಡಿ ಕಾಣಿಸಿತು. ಆಗ ಪುಂಡಲೀಕ ನನ್ನ ನಕಾಶೆ ಎತ್ತಿಕೊಂಡು ನೆಲದ ಮೇಲೆ ಅಂಗಾತ ಮಲಗಿ, ಅದನ್ನು ಮುಖದ ಮೇಲೆ ಹಿಡಿದ.

"ಸಾಹೇಬ್ರ, ಹಿಂಗ ಮಲಗಿ ನೋಡಿದ್ರ ನಕಾಶಿ ಬರೋಬ್ಬರಿ ಐತ್ರಿ. ನೆಲಕ್ಕ ಹಾಸಿದ್ರ ಎಡದ್ದು ಬಲಕ್ಕ ಬರತೈತಿ."

ಚೌಗುಲೆಯವರೂ ಪಕ್ಕದಲ್ಲಿ ಮಲಗಿದರು. ಇಬ್ಬರೂ ಸ್ವಲ್ಪ ಹೊತ್ತು ಮೇಲೆ ನೋಡಿದರು.

"ಖರೇ," ಎಂದು ಅಧ್ಯಕ್ಷರು ಮಲಗಿದಲ್ಲಿಂದಲೇ ತೀರ್ಪು ಕೊಟ್ಟರು. "ಯಂತ್ರ ಒಂದೂ ತಪ್ಪು ಮಾಡಿಲ್ಲ. ಹಲಗಿ ಅಕ್ಕೋರ ತಪ್ಪು. ಹಿಡಿಕಿ ಕಿತ್ತಾವ್ರೂ ಅಕ್ಕೋರ."

ಹೀಗೆ ನನ್ನ ಯಂತ್ರ ಗೌರವದಿಂದ ಪಾರಾಯಿತು. ಮರುವಾರ, ಕಿತ್ತು ಬಂದ ಹಿಡಿಕೆಯನ್ನು ಚೀಲದಲ್ಲಿಟ್ಟುಕೊಂಡು ಖಾನಾಪುರಕ್ಕೆ ಹೋದೆ. ಬಾಗಿಲಲ್ಲೇ ಗಾಜಿನ ಪೆಟ್ಟಿಗೆ, ಒಳಗೆ ಯಂತ್ರ, ಮೇಲೆ ಕನ್ನಡ ಮರಾಠಿ ಎರಡರಲ್ಲೂ ಬೋರ್ಡು: ಮುಟ್ಟಬಾರದು.

"ಚಲೋ ಮಾಡ್ಯಾರ," ಎಂದೆ ಪುಂಡಲೀಕನಿಗೆ. "ಮಂದಿ ಭಾಳ ಕೈ ಹಚ್ಚತಾರ."

"ಮಂದಿಗಲ್ರಿ ಅಕ್ಕೋರ. ಸಾಹೇಬ್ರು ನಿಮ್ಮ ಸಲುವಾಗಿ ಬರಸ್ಯಾರ."

ಬೋರ್ಡು ತುಸು ಓರೆಯಾಗಿತ್ತು. ಸರಿ ಮಾಡಲು ಕೈ ಎತ್ತಿದೆ. ಪುಂಡಲೀಕ ಕೆಮ್ಮಿದ.

ಕೈ ಇಳಿಸಿದೆ.