ಕಾಡು ಈರುಳ್ಳಿ ತಿಂದವರನ್ನು ಜಗಲಿಯಲ್ಲಿ ಕೂರಿಸುವ ಕುರಿತು

ಸಂಬಂಧಪಟ್ಟ ಇಲಾಖೆ
ಟರ್ಕಿಬೋನ್ ಕಣಿವೆ, ಪಶ್ಚಿಮ ವರ್ಜೀನಿಯಾ

ಸಂಖ್ಯೆ: ಸಂಇ/ವಾಸನೆ/ಜಗಲಿ/4
ದಿನಾಂಕ: ಏಪ್ರಿಲ್ ತಿಂಗಳ ಕೊನೆಯ ಭಾನುವಾರ

ಸುತ್ತೋಲೆ

ವಿಷಯ: ರ‍್ಯಾಂಪ್ ಎಂಬ ಕಾಡು ಈರುಳ್ಳಿ ತಿಂದ ಬಾಯಿ, ಬೆವರು ಹಾಗೂ ಅಂಗಿಯೊಂದಿಗೆ ಹಸುಗೂಸಿನ ಸಮೀಪ ಸುಳಿಯುವ ಬಗ್ಗೆ.

ಉಲ್ಲೇಖ:
1) ಸೊಸೆ ಮೆರಿಡಿತ್ ಅವರ ಮೌಖಿಕ ದೂರು, ಸೋಮವಾರ.
2) ಅದೇ ದೂರು, ಇನ್ನೂ ಸ್ವಲ್ಪ ಜೋರಾಗಿ, ಮಂಗಳವಾರ.
3) ಅಂಚೆಯವರು ಕಾಗದಗಳನ್ನು ಸೇತುವೆಯಾಚೆಯಿಂದಲೇ ಎಸೆದು ಹೋದ ಸಂಗತಿ.

* * *

ಹಿಮ ಕರಗಿದ ಮೇಲೆ ಈ ಕಣಿವೆಯಲ್ಲಿ ಮೊದಲು ತಲೆಯೆತ್ತುವ ಹಸಿರು ರ‍್ಯಾಂಪ್ ಆಗಿದ್ದು, ಅದನ್ನು ಹಂದಿ ಕೊಬ್ಬಿನಲ್ಲಿ ಆಲೂಗಡ್ಡೆಯೊಡನೆ ಹುರಿದು ತಿನ್ನುವುದು, ತಿಂದ ಮೇಲೆ ವಾರಗಟ್ಟಲೆ ನಾರುವುದು ತಲತಲಾಂತರದಿಂದ ಜಾರಿಯಲ್ಲಿರುತ್ತದೆ. ಕರಡಿಗಳು ಈ ತಿಂಗಳು ಆಚೆ ಗುಡ್ಡಕ್ಕೆ ವಾಸ ಬದಲಿಸುವುದನ್ನು ಬಿಟ್ಟರೆ ಈ ಬಗ್ಗೆ ಇದುವರೆಗೆ ಯಾವ ಆಕ್ಷೇಪಣೆಯೂ ಬಂದಿರುವುದಿಲ್ಲ. ಏಕೆಂದರೆ ತಿಂದ ಮೂಗಿಗೆ ತಿಂದವರ ವಾಸನೆ ತಿಳಿಯುವುದಿಲ್ಲ.

ಹೀಗಿರುವಲ್ಲಿ, ಮರದ ಮಿಲ್ಲಿನ ನಿವೃತ್ತ ನೌಕರರೂ, ಅಗ್ನಿಶಾಮಕ ಸಂಘದ ವಸಂತದೂಟದಲ್ಲಿ ಬಾಣಲೆ ಹಿಡಿಯುವವರೂ ಆದ ಶ್ರೀ ಓಕಿ ಟೀಟರ್ ಇವರ ಮಗ ಡ್ವೈಟ್, ಕೊಲಂಬಸ್ ನಗರದಿಂದ ಹೆಂಡತಿ ಮೆರಿಡಿತ್ ಹಾಗೂ ಇನ್ನೂ ಹಲ್ಲು ಬರದ ಮಗಳು ನೋರಾಳೊಂದಿಗೆ ಸೋಮವಾರ ಆಗಮಿಸಿದ್ದು, ಭಾನುವಾರ ಮಧ್ಯಾಹ್ನದ ಊಟವಾದ ಕೂಡಲೇ ಹೊರಡತಕ್ಕವರಾಗಿರುತ್ತಾರೆ. ಶ್ರೀ ಓಕಿ ಇವರು ಮೊಮ್ಮಗಳನ್ನು ಫೋಟೋದಲ್ಲಿ ಮಾತ್ರ ನೋಡಿದ್ದು, ಒಮ್ಮೆ ತೋಳಿನಲ್ಲಿ ಎತ್ತಿಕೊಳ್ಳಬೇಕೆಂಬುದು ಅವರ ಏಕೈಕ ಮನವಿಯಾಗಿರುತ್ತದೆ. ಇದಕ್ಕಾಗಿ ಈ ವರ್ಷ ರ‍್ಯಾಂಪ್ ಮುಟ್ಟುವುದಿಲ್ಲವೆಂದು ಹೆಂಡತಿ ಶ್ರೀಮತಿ ವಿಲ್ಡಾ ಇವರೆದುರು ಆಣೆ ಮಾಡಿದ್ದು, ಸದರಿ ಆಣೆಯು ಹಿಂದಿನ ಶನಿವಾರ ಸಂಘದ ಬಾಣಲೆ ಕಾಯುವವರೆಗೆ ಜೀವಂತವಿತ್ತು. ವಿಚಾರಣೆಯ ವೇಳೆ "ಉಪ್ಪು ಸರಿ ಇದೆಯಾ ಅಂತ ನೋಡ್ದೆ ಅಷ್ಟೇ" ಎಂದು ಶ್ರೀ ಓಕಿ ಹೇಳಿಕೆ ನೀಡಿದ್ದು, "ಎಷ್ಟ್ ಸಲ ನೋಡ್ದೆ?" ಎಂದು ಶ್ರೀಮತಿ ವಿಲ್ಡಾ ಕೇಳಲಾಗಿ, "ಬಾಣಲೆ ದೊಡ್ದಿತ್ತು ಕಣೇ" ಎಂದು ಉತ್ತರಿಸಿರುತ್ತಾರೆ.

ತರುವಾಯ ಶ್ರೀ ಓಕಿ ಇವರು ಚೆನ್ನಾಗಿ ಸ್ನಾನ ಮಾಡಿ, ಸಂಘದ ವಾಹನ ಚಾಲಕ ಶ್ರೀ ಡೆಂಜಿಲ್ ಹಾರ್ಪರ್ ಇವರಿಂದ ಮೂಸಿ ನೋಡುವ ತಪಾಸಣೆ ಮಾಡಿಸಿಕೊಂಡಿರುತ್ತಾರೆ. "ಏನೂ ಇಲ್ಲ ಕಣೋ. ಮದುಮಗನ್ ಹಾಗೆ ಘಮಘಮ ಅಂತಿದ್ದೀಯ. ಹೋಗು, ಮಗು ಎತ್ಕೋ" ಎಂದು ಶ್ರೀ ಡೆಂಜಿಲ್ ಪ್ರಮಾಣೀಕರಿಸಿರುತ್ತಾರೆ. ಪ್ರಮಾಣೀಕರಿಸಿದವರೂ ಅದೇ ಬಾಣಲೆಯಿಂದ ತಟ್ಟೆಯ ಮೇಲೆ ತಟ್ಟೆ ತಿಂದಿದ್ದರೆಂಬುದನ್ನು ಇಬ್ಬರಲ್ಲಿ ಯಾರೂ ಗಮನಿಸಿರುವುದಿಲ್ಲ.

ಈ ಪ್ರಮಾಣವನ್ನು ನಂಬಿ ಶ್ರೀ ಓಕಿ ಇವರು ಎರಡೂ ತೋಳು ಚಾಚಿಕೊಂಡು ನಡುಮನೆ ಪ್ರವೇಶಿಸಲಾಗಿ, ಗೋಡೆಗೆ ಅಂಟಿಸಿದ್ದ ಹೂವಿನ ಕಾಗದ ತಾನಾಗಿ ಸುರುಳಿ ಸುತ್ತಿತು, ಗಡಿಯಾರ ನಿಂತಿತು, ಸೊಸೆಯವರು ಮಗುವನ್ನು ಎದೆಗವಚಿಕೊಂಡು ಕಿಟಕಿಗೆ ಸರಿದರು.

"ಮಾವ, ದಯವಿಟ್ಟು ಅಲ್ಲೇ ನಿಲ್ಲಿ. ಕಣ್ಣಲ್ಲಿ ನೀರು ಬರ್ತಿದೆ ನಂಗೆ."

"ಸಂತೋಷಕ್ಕೇನಮ್ಮ?"

"ಅಲ್ಲ ಮಾವ."

ಆದ್ದರಿಂದ ಈ ಕೆಳಕಂಡಂತೆ ಪಾಲಿಸಲು ಸರ್ವರಿಗೂ ಈ ಮೂಲಕ ತಿಳಿಯಪಡಿಸಿದೆ.

1. ನಾರುವ ಯಾವುದೇ ವ್ಯಕ್ತಿಯು, ವಯಸ್ಸು ಹಾಗೂ ಹಲ್ಲಿನ ಲೆಕ್ಕವಿಲ್ಲದೆ, ಜಗಲಿಯಲ್ಲಿಯೇ ವಾಸಿಸತಕ್ಕದ್ದು. ಸೊಳ್ಳೆ ಜಾಲರಿಯ ಬಾಗಿಲನ್ನು ಗಡಿಯೆಂದು ಘೋಷಿಸಲಾಗಿದೆ. ತೂಗುಕುರ್ಚಿ ಮುಂದಕ್ಕೆ ತೂಗಿದಾಗ ಮೂಗು ಗಡಿ ದಾಟಿದಲ್ಲಿ ಅದನ್ನು ಅಕ್ರಮ ಪ್ರವೇಶವೆಂದು ಪರಿಗಣಿಸಲಾಗುವುದು.

2. ಜಗಲಿವಾಸಿಯು ಉಸಿರನ್ನು ಒಳಗೆ ಎಳೆದುಕೊಳ್ಳಲು ಅಭ್ಯಂತರವಿರುವುದಿಲ್ಲ. ಹೊರಬಿಡುವುದಿದ್ದಲ್ಲಿ ಕೊಟ್ಟಿಗೆಯ ಕಡೆ ಮುಖ ಮಾಡತಕ್ಕದ್ದು. ಹಸುವಿನ ಒಪ್ಪಿಗೆಯನ್ನು ಪ್ರತ್ಯೇಕವಾಗಿ ಪಡೆಯಲಾಗುತ್ತಿದೆ. ಊಟವನ್ನು ಒಲೆಯ ಬೂದಿ ತೆಗೆಯುವ ಉದ್ದ ಹಿಡಿಯ ಸಲಿಕೆಯ ಮೇಲಿಟ್ಟು ನೀಡಲಾಗುವುದು.

3. ತಿಂದವರು ತಿಂದವರಿಗೆ ನೀಡಿದ ವಾಸನಾರಹಿತ ಪ್ರಮಾಣ ಅಸಿಂಧುವಾಗಿರುತ್ತದೆ. ತಿನ್ನದ ಮೂಗಿಗಾಗಿ ಕಣಿವೆಯಾದ್ಯಂತ ಶೋಧ ನಡೆಸಲಾಯಿತು. ಪಾದ್ರಿಯವರನ್ನು ವಿಚಾರಿಸಲಾಗಿ, ಅವರು ಬಾಯಿ ತೆರೆಯದೆ ತಲೆಯಾಡಿಸಿದ್ದು, ಅದನ್ನೇ ತಪ್ಪೊಪ್ಪಿಗೆಯೆಂದು ದಾಖಲಿಸಿಕೊಳ್ಳಲಾಗಿದೆ. ಶ್ರೀಮತಿ ವಿಲ್ಡಾ ಇವರು ಈ ವರ್ಷ ತಿಂದಿಲ್ಲವಾದರೂ, ಮದುವೆಯಾದಂದಿನಿಂದ ಅವರ ಮೂಗಿಗೆ ಗಂಡನ ಎಲ್ಲವೂ ರೂಢಿಯಾಗಿರುವುದರಿಂದ ಅವರನ್ನು ಅನರ್ಹಗೊಳಿಸಿದೆ. ಅಂತಿಮವಾಗಿ ಸೊಸೆಯವರನ್ನೇ ಮೂಗು ಪರೀಕ್ಷಾಧಿಕಾರಿಯಾಗಿ ನೇಮಿಸಲಾಗಿದ್ದು, ಅವರು ಬೆಳಿಗ್ಗೆ ಸಂಜೆ ಜಾಲರಿಯ ಬಳಿ ಬಂದು ಮೂಸಿ, "ಇನ್ನೂ ಇದೆ ಮಾವ" ಎಂದು ವರದಿ ಸಲ್ಲಿಸುತ್ತಿದ್ದರು.

4. ಶ್ರೀ ಓಕಿ ಇವರು ವಾಸನೆ ನಿವಾರಣೆಗಾಗಿ ಕೊತ್ತಂಬರಿಯಂಥ ಸೊಪ್ಪು ಜಗಿದು, ಮಜ್ಜಿಗೆ ಕುಡಿದು, ಕಡೆಗೆ ಸ್ಕಂಕ್ ಎಂಬ ಕಾಡುಪ್ರಾಣಿ ದುರ್ನಾತ ಸಿಡಿಸಿದ ನಾಯಿಯನ್ನು ತೊಳೆಯುವ ಟಬ್ಬಿನಲ್ಲಿ ಟೊಮೆಟೊ ರಸ ತುಂಬಿಸಿ ಅದರೊಳಗೆ ಕುಳಿತಿರುತ್ತಾರೆ. "ಮೊದ್ಲು ಬರೀ ರ‍್ಯಾಂಪ್ ಆಗಿದ್ದೆ. ಈಗ ಸಾರಾಗಿದ್ದೀಯ" ಎಂದು ಶ್ರೀಮತಿ ವಿಲ್ಡಾ ಷರಾ ಬರೆದಿರುತ್ತಾರೆ. ಇನ್ನು ಮುಂದೆ ಯಾರೂ ತಮ್ಮನ್ನು ತಾವು ಅಡುಗೆ ಮಾಡಿಕೊಳ್ಳತಕ್ಕದ್ದಲ್ಲ. ನಾಯಿ ಆ ಟಬ್ಬಿಗೆ ಮತ್ತೆ ಇಳಿಯಲು ನಿರಾಕರಿಸಿದೆ.

5. ಮಗುವಿಗೆ ಜಗಲಿಯಿಂದ ಜೋಗುಳ ಹಾಡುವುದಕ್ಕೆ ಷರತ್ತುಬದ್ಧ ಅನುಮತಿ ನೀಡಿದ್ದು, ಹಾಡುವವರು ಮನೆಗೆ ಬೆನ್ನು ಮಾಡಿ ನಿಲ್ಲತಕ್ಕದ್ದು. ಗುರುವಾರ ಶ್ರೀ ಓಕಿ ಇವರು ಹೀಗೆ ಗುಡ್ಡದ ಕಡೆ ಮುಖ ಮಾಡಿ ಹಾಡಿರುತ್ತಾರೆ. ಮಗು ಹಾಲು ಕುಡಿಯುವುದನ್ನು ಬಿಟ್ಟು ಕತ್ತು ತಿರುಗಿಸಿ ನೋಡಿತು. ಬೆನ್ನು ಮಾಡಿ ನಿಂತಿದ್ದರಿಂದ ಅವರಿಗೆ ಅದು ಕಂಡಿರುವುದಿಲ್ಲ.

6. ಶನಿವಾರ ಶ್ರೀಮತಿ ವಿಲ್ಡಾ ಇವರು ಕನಿಕರಗೊಂಡು, ನಾಳೆಯೊಳಗೆ ಹೇಗೂ ವಾಸನೆ ಹೋಗುವುದಿಲ್ಲವೆಂದು ತೀರ್ಮಾನಿಸಿ, ಹಿತ್ತಲ ಒಲೆಯಲ್ಲಿ ರ‍್ಯಾಂಪ್ ಹುರಿದು ಸಲಿಕೆಯ ಮೇಲಿಟ್ಟು ಜಗಲಿಗೆ ರವಾನಿಸಿರುತ್ತಾರೆ. ಶ್ರೀ ಓಕಿ ಇವರು ತಟ್ಟೆಯನ್ನು ಹಿಂದಕ್ಕೆ ತಳ್ಳಿ, "ಬೇಡ ವಿಲ್ಡಾ. ನಾಳೆ ಊಟದವರೆಗೂ ಹೊತ್ತಿದೆ" ಎಂದಿರುತ್ತಾರೆ. ಸದರಿ ತಟ್ಟೆಯು ಅಡುಗೆಮನೆಗೆ ವಾಪಸಾಗಿ ಮೇಜಿನ ಮೇಲೆ ಬಿಸಿಬಿಸಿಯಾಗಿ ಕುಳಿತಿರಲಾಗಿ, ಹಾಲೂಡಿಸುವ ತಾಯಿಯ ಹಸಿವು ಎಂಥದೆಂಬುದನ್ನು ಇಲಾಖೆ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

"ಬೇಡ ಕಣಮ್ಮ, ಆಮೇಲೆ ನೀನೂ ನಮ್ ಹಾಗೇ ಆಗ್ತೀಯ."

"ಒಂದೇ ಚಮಚ ಅತ್ತೆ. ಹಂದಿ ಕೊಬ್ಬಿನ ವಾಸನೆ ಚೆನ್ನಾಗಿದೆ."

ಸೊಸೆಯವರು ಮುಗಿಸಿದ ತಟ್ಟೆಯನ್ನು ಪ್ರತ್ಯೇಕವಾಗಿ ತೊಳೆಯುವ ಅಗತ್ಯ ಉಂಟಾಗಿರುವುದಿಲ್ಲ.

7. ಈ ದಿನ ಬೆಳಿಗ್ಗೆ ಪರೀಕ್ಷಾಧಿಕಾರಿಯವರು ಜಾಲರಿಯ ಬಳಿ ಮೂಸಿ "ಪೂರ್ತಿ ಹೋಗಿದೆ ಮಾವ, ಒಳಗೆ ಬನ್ನಿ" ಎಂದಿದ್ದು, ಶ್ರೀ ಓಕಿ ಎದ್ದು ನಿಂತು ಅಂಗಿ ಸರಿಪಡಿಸಿಕೊಂಡಿರುತ್ತಾರೆ. ಅಷ್ಟರಲ್ಲಿ, ಹೆಂಡತಿಗೆ ಹೆದರಿ ವಾರವಿಡೀ ರ‍್ಯಾಂಪ್ ಮುಟ್ಟದಿದ್ದ ಡ್ವೈಟ್ ಅವರು ಒಳಗಿನಿಂದ "ಅವಳ್ ಮಾತು ನಂಬ್ಬೇಡಪ್ಪ, ನಂಗೆ ಇಲ್ಲೀವರ್ಗೂ ಹೊಡೀತಿದೆ" ಎಂದು ತಕರಾರು ಎತ್ತಿರುತ್ತಾರೆ. ನಿಯಮ 3ರಂತೆ ಪರೀಕ್ಷಾಧಿಕಾರಿಯ ಪ್ರಮಾಣ ಅಸಿಂಧುವಾಗಿದ್ದು, ಶ್ರೀ ಓಕಿ ಮತ್ತೆ ತೂಗುಕುರ್ಚಿಯಲ್ಲಿ ಕುಳಿತಿರುತ್ತಾರೆ.

8. ಮಧ್ಯಾಹ್ನ ಊಟವಾದ ಮೇಲೆ ಡ್ವೈಟ್ ಅವರು ಕಾರಿನಲ್ಲಿ ಕೂರಿಸಲೆಂದು ಮಗುವನ್ನು ಎತ್ತಿಕೊಂಡು ಇದ್ದಲ್ಲಿಯೇ ನಿಂತಿರುತ್ತಾರೆ.

"ಮೆರಿ, ಪಾಪು ನಾರ್ತಿದೆ."

"ಡೈಪರ್ ನೋಡು."

"ಆ ಕಡೆ ಅಲ್ಲ. ಈ ಕಡೆ. ಬಾಯಿ. ಥೇಟ್ ನಮ್ಮಪ್ಪನ ಹಾಗೆ."

ಏಪ್ರಿಲ್‌ನಲ್ಲಿ ಕಾಡಿಗೆ ಬಿಟ್ಟಾಗ ರ‍್ಯಾಂಪ್ ಮೇಯ್ದ ಹಸು ಎಂಥ ಹಾಲು ಕೊಡುತ್ತದೆಂಬುದು ಕಣಿವೆಯಲ್ಲಿ ಸರ್ವವಿದಿತವಾಗಿದ್ದರಿಂದ, ಇದು ಹೇಗಾಯಿತೆಂದು ಯಾರೂ ಪ್ರಶ್ನಿಸಿರುವುದಿಲ್ಲ. ನಿಯಮ 1ರನ್ವಯ ಮಗುವನ್ನು ಜಗಲಿಗೆ ವರ್ಗಾಯಿಸಿ ಆದೇಶಿಸಲಾಯಿತು. ಆದೇಶವನ್ನು ತಾಯಿಯೇ ಖುದ್ದಾಗಿ ಜಾರಿಗೊಳಿಸಿರುತ್ತಾರೆ.

"ಹಿಡ್ಕೊಳ್ಳಿ ಮಾವ. ಕತ್ತಿನ್ ಕೆಳಗೆ ಕೈ ಕೊಡಿ."

"ನಾನು ನಾರ್ತೀನಲ್ಲಮ್ಮ."

"ಅವಳೂ ನಾರ್ತಾಳೆ."

9. ಊಟ ಮುಗಿದಿದ್ದು ಕಾರು ಸಿದ್ಧವಿರುತ್ತದೆ. ಒಳಬರಲು ಅನುಮತಿ ಕೋರಿ ಜಗಲಿಯಲ್ಲಿರುವ ಇಬ್ಬರಲ್ಲಿ ಯಾರಿಂದಲೂ ಈವರೆಗೆ ಅರ್ಜಿ ಬಂದಿರುವುದಿಲ್ಲ.

(ಸಹಿ ಇದೆ)
ಸಂಬಂಧಪಟ್ಟ ಅಧಿಕಾರಿ
ಸಂಬಂಧಪಟ್ಟ ಇಲಾಖೆ

ಪ್ರತಿಗಳು:
1) ಶ್ರೀ ಡೆಂಜಿಲ್ ಹಾರ್ಪರ್ ಅವರಿಗೆ, ಅವರ ಮೂಗನ್ನು ಮುಂದಿನ ಆದೇಶದವರೆಗೆ ಅಮಾನತಿನಲ್ಲಿಟ್ಟಿರುವ ಬಗ್ಗೆ.
2) ಪಾದ್ರಿಯವರಿಗೆ, ಇಂದು ಸಂಜೆಯ ಪ್ರವಚನವನ್ನು ಚಿಕ್ಕದಾಗಿ ಮತ್ತು ದೂರದಿಂದ ನೀಡುವ ಕೋರಿಕೆಯೊಂದಿಗೆ.
3) ಶಾಲೆಯ ಮುಖ್ಯೋಪಾಧ್ಯಾಯಿನಿಯವರಿಗೆ, ನಾರುವ ಮಕ್ಕಳನ್ನು ಮನೆಗೆ ಕಳಿಸುವ ಮುನ್ನ ತಮ್ಮ ಊಟದ ಡಬ್ಬಿಯನ್ನೂ ತೆರೆದು ನೋಡಲು.
4) ಶ್ರೀ ಡ್ವೈಟ್ ಟೀಟರ್ ಅವರಿಗೆ, ಕಾರಿನ ಎಂಜಿನ್ ಆರಿಸುವ ಸೂಚನೆಯೊಂದಿಗೆ.
5) ಕಚೇರಿ ಕಡತಕ್ಕೆ. ಕಡತವನ್ನು ಬಿಸಿಲಿಗೆ ಹರವಲಾಗಿದೆ.