ಎರಡು ಸಹಿಯ ಕಾಗದ

ರಾತ್ರಿ ಹನ್ನೊಂದೂವರೆಗೆ ದಿಂಬಿನ ಪಕ್ಕದ ಮೊಬೈಲು ಟಿಣ್ ಎಂದಿತು. ಮುದ್ರಣಾಲಯವನ್ನು ಹೊಸದಾಗಿ ಕೊಂಡ ಸ್ಪೇನಿನ ಯಜಮಾನರಿಂದ ಒಂದೇ ಒಂದು ಪದ: ‘ಲಿಸ್ತೊ’.

ಇಪ್ಪತ್ತು ವರ್ಷ ಕರಡು ತಿದ್ದಿ ಬೆನ್ನು ಬಾಗಿ, ಎಲ್ಲರ ಬಾಯಲ್ಲೂ ‘ಅಲ್ಪವಿರಾಮ’ ಎನಿಸಿಕೊಂಡಿದ್ದವನು ದಿಗ್ಗನೆದ್ದು ಕೂತು ಹೆಂಡತಿಯನ್ನು ಎಬ್ಬಿಸಿದ. ಒಂದಷ್ಟು ಜನರನ್ನು ಮನೆಗೆ ಕಳಿಸುತ್ತಾರೆಂಬ ಸುದ್ದಿ ವಾರದಿಂದ ಹಬ್ಬಿತ್ತು.

“ನಿಘಂಟು ನೋಡಿ. ನನ್ನ ಮುಖ ಯಾಕೆ ನೋಡ್ತೀರಿ?” ಎಂದು ಹೆಂಡತಿ ಮಗ್ಗುಲು ಬದಲಿಸಿದಳು.

ಮೊಬೈಲಿನ ಸ್ಪ್ಯಾನಿಷ್ ನಿಘಂಟಿನಲ್ಲಿ ಎರಡು ಅರ್ಥಗಳಿದ್ದವು: ಜಾಣ, ಸಿದ್ಧ.

ಬೆಳಿಗ್ಗೆ ಮುದ್ರಣಾಲಯದಲ್ಲಿ ಅವನೇ ಬಾಯಿಬಿಟ್ಟ. “ಜಾಣ ಅಂತಾನೇ ಇರ್ಬೇಕು,” ಎಂದರು ಪಕ್ಕದ ಮೇಜಿನ ಅಕ್ಕ. ಅವನು ಓದಿ ಸಹಿ ಹಾಕಿದ್ದನ್ನು ಎರಡನೆಯ ಸಲ ಓದಿ ಸಹಿ ಹಾಕುವುದು ಅವರ ಕೆಲಸ. ಆಮೇಲೆ ಅವನನ್ನು ಮೇಲಿಂದ ಕೆಳಗೆ ನೋಡಿ, “ಆದ್ರೆ ಯಜಮಾನ್ರು ನಿಮ್ಮನ್ನ ಒಂದ್ಸಲ ನೋಡಿದಾರಲ್ವಾ?” ಎಂದು ನಿಟ್ಟುಸಿರಿಟ್ಟರು.

“ಹಾಗಾದ್ರೆ ಹೊರಡೋಕೆ ಸಿದ್ಧ ಅಂತ,” ಎಂದ ಗುಮಾಸ್ತ. “ಅವರು ಕಳಿಸೋ ಮೊದ್ಲೇ ಹೋದ್ರೆ ಮರ್ಯಾದೆ. ಆ ಕಿಟಕಿ ಪಕ್ಕದ ಕುರ್ಚಿ ನನಗಿರ್ಲಿ.”

ಅಲ್ಪವಿರಾಮ ಎರಡು ಕಾಗದ ಬರೆದ. ಒಂದು ಧನ್ಯವಾದ, ಒಂದು ರಾಜೀನಾಮೆ. ಎರಡಕ್ಕೂ ಸಹಿ ಹಾಕಿ, ಅಭ್ಯಾಸಬಲದಿಂದ ತಿದ್ದಲು ಅಕ್ಕನ ಕೈಗಿಟ್ಟು, ಮ್ಯಾನೇಜರ ಕೋಣೆಯ ಮುಂದೆ ನಿಂತ. ಅವರು ಸಂಜೆಯವರೆಗೆ ಕಾಯಿಸಿ, ಒಳಗೆ ಕರೆದು, ಮೊಬೈಲಿನ ಆ ಪದ ನೋಡಿ ನಕ್ಕರು.

“ಅಯ್ಯೋ, ಅದು ನಿಮಗಲ್ಲ ರೀ! ಕೆಮ್ಮಿನ ಔಷಧಿ ಡಬ್ಬಿಯೊಳಗೆ ಇಡ್ತಾರಲ್ಲ, ಆ ಚೀಟಿ ಅಚ್ಚಿಗೆ ಸಿದ್ಧ ಅಂತ ನನಗೆ ಬರ್ದಿದ್ದು. ಮೊದಲ ಸಹಿ ಯಾರದೋ ಅವರಿಗೂ ಅದರ ಒಂದು ಪ್ರತಿ ತಾನಾಗೇ ಹೋಗುತ್ತೆ. ಯಜಮಾನ್ರಿಗೆ ನಿಮ್ಮ ಹೆಸರೂ ಗೊತ್ತಿಲ್ಲ!”

ಇಷ್ಟು ಸಂತೋಷದ ಅವಮಾನ ಅವನಿಗೆ ಎಂದೂ ಆಗಿರಲಿಲ್ಲ. ಅಕ್ಕನ ಬಳಿಗೆ ಓಡಿದ.

“ಧನ್ಯವಾದದಲ್ಲಿ ಮೂರು ತಪ್ಪು, ತಗೊಳ್ಳಿ,” ಎಂದರು ಅಕ್ಕ. “ರಾಜೀನಾಮೆ ಮಾತ್ರ ಮುತ್ತು ಪೋಣಿಸಿದ ಹಾಗಿತ್ತು. ಸಹಿ ಹಾಕಿ ಕಳಿಸ್ಬಿಟ್ಟೆ.”

“ಎಲ್ಲಿಗೆ?”

“ತಪ್ಪಿಲ್ಲದ್ದು ಇನ್ನೆಲ್ಲಿಗೆ ಹೋಗುತ್ತೆ? ಕೆಳಗೆ, ಮಷಿನ್ನಿಗೆ.”

ಅಲ್ಪವಿರಾಮ ಕೆಳಗೋಡಿದ. ಬೆಳಿಗ್ಗೆಯಿಂದ ಔಷಧಿ ಚೀಟಿಗಾಗಿ ಕಾಯುತ್ತಿದ್ದ ಮಷಿನ್ನಿನವನು ಎರಡು ಸಹಿ ಕಂಡರೆ ಸಾಕು, ಅಚ್ಚು ಹಾಕುವವನು. ಓದುವುದು ಅವನ ಕೆಲಸವಲ್ಲ.

“ಔಷಧಿ ಚೀಟಿ ತಾನೆ? ಐದು ಸಾವಿರ ಅಚ್ಚಾಗಿ, ಮಡಚಿ, ಲಾರೀನೂ ಹೋಯ್ತು ಸಾರ್. ಈ ಸಲ ಅಕ್ಷರ ದಪ್ಪ ಇತ್ತು. ಪಾಪ, ವಯಸ್ಸಾದೋರಿಗೆ ಓದೋಕೆ ಸಲೀಸು,” ಎಂದು ಉಳಿದಿದ್ದ ಒಂದು ಪ್ರತಿಯನ್ನು ಕೊಟ್ಟ.

‘ಇನ್ನು ಮುಂದೆ ನನ್ನಿಂದ ಯಾರಿಗೂ ಯಾವ ಪ್ರಯೋಜನವೂ ಇಲ್ಲವೆಂದು ವಿಷಾದದಿಂದ ತಿಳಿಸುತ್ತೇನೆ.’ ಕೆಳಗೆ ಅವನ ಹೆಸರು, ವಿಳಾಸ, ದುಂಡಗಿನ ಸಹಿ.

ಒಂದಾದರೂ ತಪ್ಪು ಸಿಕ್ಕೀತೇ ಎಂದು ಅಲ್ಪವಿರಾಮ ಎರಡೆರಡು ಸಲ ಓದಿದ. ಸಿಗಲಿಲ್ಲ. ಚೀಟಿಯನ್ನು ಚಿಕ್ಕದಾಗಿ ಮಡಚಿ ಒಳಜೇಬಿಗೆ ಸೇರಿಸಿ, ಹೆಂಡತಿಗೂ ಈ ವಿಷಯ ಹೇಳಕೂಡದೆಂದು ನಿಶ್ಚಯಿಸಿದ.