ಹಿಂದಿನ ಸೀಟಿನ ಚಕ್ಕುಬಂದಿ

ಶಿಕಾರಿಪುರ-ಸೊರಬ ಜಂಟಿ ಗಡಿಕಲ್ಲು ಪರಿಶೀಲನಾ ಕಚೇರಿಯ ಏಕೈಕ ಕಾರಿನ ಹಿಂದಿನ ಸೀಟಿನಲ್ಲಿ ನಾಯಿಯ ಕೂದಲು ಇರುವುದು ಕಳೆದ ಫೆಬ್ರವರಿಯ ಒಂದು ಮಂಗಳವಾರ ಬೆಳಿಗ್ಗೆ ಅಧಿಕೃತವಾಗಿ ಕಂಡುಬಂದಿತು. ಕೂದಲು ಅದಕ್ಕೆ ಎರಡು ವರ್ಷ ಮೊದಲಿನಿಂದಲೂ ಅಲ್ಲೇ ಇತ್ತು. ಆದರೆ ನೋಡುವ ಅಧಿಕಾರವುಳ್ಳವರು ಯಾರೂ ಅದನ್ನು ನೋಡಿರಲಿಲ್ಲ.

ಎರಡು ತಾಲ್ಲೂಕುಗಳ ನಡುವಿನ ಕಲ್ಲುಗಳು ನೆಟ್ಟ ಜಾಗದಲ್ಲೇ ಇವೆಯೇ ಎಂದು ನೋಡಿ ಬರುವುದು ಈ ಕಚೇರಿಯ ಕೆಲಸ. ಕಲ್ಲುಗಳು ಇದುವರೆಗೆ ಎಲ್ಲಿಗೂ ಹೋಗಿಲ್ಲ. ಇದನ್ನು ಪ್ರತಿ ವರ್ಷದ ವರದಿಯಲ್ಲಿ ಸಾಧನೆ ಎಂದು ತೋರಿಸಲಾಗುತ್ತದೆ. ಮುಖ್ಯಸ್ಥರಾದ ಧರ್ಮಪ್ಪನವರ ಕರ್ತವ್ಯನಿಷ್ಠೆ ಎಷ್ಟೆಂದರೆ, ಅವರು ಭಾನುವಾರವೂ ಗುಡವಿಯ ಕಡೆ ಪರಿಶೀಲನೆಗೆ ಹೋಗುತ್ತಾರೆ. ಜೊತೆಗೆ ಅವರ ನಾಯಿ ರಾಣಿ ಇರುತ್ತದೆ. ವಾರಕ್ಕೊಮ್ಮೆ ಅಲ್ಲಿನ ಕೆರೆಯ ಹಕ್ಕಿಗಳನ್ನು ನೋಡದಿದ್ದರೆ ಅದಕ್ಕೆ ಊಟ ಸೇರುವುದಿಲ್ಲ. ಕಾರಿನ ಲಾಗ್‌ಬುಕ್ಕಿನ ಪ್ರಕಾರ ಮಾತ್ರ ರಾಣಿ ಎಂಬ ಪ್ರಾಣಿ ಈ ಭೂಮಿಯ ಮೇಲೆ ಇಲ್ಲ.

ಆ ಮಂಗಳವಾರ ಜಿಲ್ಲೆಯಿಂದ ಬಂದ ಮೇಲಧಿಕಾರಿ ಭೀಮಣ್ಣನವರು ಕಪ್ಪು ಪ್ಯಾಂಟು ಧರಿಸಿ ಆ ಸೀಟಿನಲ್ಲಿ ಕುಳಿತು ತಾಳಗುಂದದಲ್ಲಿ ಇಳಿದರು. ರಸ್ತೆಯಲ್ಲಿ ಮೆಕ್ಕೆಜೋಳ ಹರವುತ್ತಿದ್ದ ಅಜ್ಜಿಯೊಬ್ಬಳು ತಲೆಯೆತ್ತಿ, "ಸಾಹೇಬ್ರಿಗೆ ಹಿಂದ್ಗಡೆ ತುಪ್ಪಟ ಬೆಳದೈತಲ್ರೀ" ಎಂದಳು. ಭೀಮಣ್ಣನವರು ಹಿಂದೆ ಮುಟ್ಟಿ ನೋಡಿಕೊಂಡರು. ಒಂದು ವಾರದೊಳಗೆ ಕೂದಲನ್ನು ತೆಗೆಯತಕ್ಕದ್ದು, ಅದು ಎಲ್ಲಿಂದ ಬಂತೆಂದು ವರದಿ ಸಲ್ಲಿಸತಕ್ಕದ್ದು ಎಂದು ಅಲ್ಲೇ ನಿಂತು ಆದೇಶ ಬರೆಸಿದರು.

ಇದರಿಂದ ನಿಜವಾಗಿ ಕಂಗಾಲಾದವನು ಡ್ರೈವರ್ ತೀರ್ಥೇಶ. ಆರು ವರ್ಷದಿಂದ ಅವನು ಹಂಗಾಮಿ. ಜಡೆ ಊರಿನ ಗುತ್ಯಪ್ಪನ ಮಗಳು ರಮ್ಯಳಿಗೂ ಅವನಿಗೂ ಮನಸ್ಸು ಕೂಡಿತ್ತು. ಆದರೆ ಗುತ್ಯಪ್ಪ, "ಹುಡುಗ ಏನೋ ಒಳ್ಳೇನೇ. ಪರ್ಮನೆಂಟ್ ಆಗ್ಲಿ, ಆಮೇಲೆ ಮಾತಾಡಣ" ಎಂದು ಹೇಳಿ ಕಳಿಸಿದ್ದ. ಕೂದಲಿಗೆ ಡ್ರೈವರನ ನಿರ್ಲಕ್ಷ್ಯವೇ ಕಾರಣ ಎಂದು ವರದಿಯಾದರೆ ಕೆಲಸವೂ ಇಲ್ಲ, ರಮ್ಯಳೂ ಇಲ್ಲ.

"ಸಾರ್, ಇದು ಹತ್ತು ನಿಮಿಷದ ಕೆಲ್ಸ ರೀ," ಎಂದ ತೀರ್ಥೇಶ್. "ರಬ್ಬರ್ ಗ್ಲೌಸ್ ಹಾಕ್ಕಂಡು, ಒಂಚೂರು ನೀರು ಮಾಡ್ಕಂಡು, ಒಂದೇ ಕಡೀಗೆ ಎಳೀತಾ ಹೋದ್ರೆ ಉಂಡೆ ಕಟ್ಟಿ ಬರ್ತದೆ."

"ಮುಟ್ಟಬ್ಯಾಡ," ಎಂದರು ಧರ್ಮಪ್ಪನವರು. "ಚಕ್ಕುಬಂದಿ ಆಗ್ದೆ ಈ ಕಚೇರೀಲಿ ಒಂದು ಕಲ್ಲೂ ಎತ್ತಿಲ್ಲ. ಕೂದಲು ಎತ್ತಾಕಾಗ್ತದೇನಯ್ಯ?"

ಅದರಂತೆ ಗುಮಾಸ್ತೆ ಕರುಣಾ ಟೇಪು ಹಿಡಿದು ಕೂದಲಿದ್ದ ಪ್ರದೇಶದ ನಾಲ್ಕು ಎಲ್ಲೆಗಳನ್ನು ಬರೆದಳು: ಪೂರ್ವಕ್ಕೆ ಬಲಬಾಗಿಲು, ಪಶ್ಚಿಮಕ್ಕೆ ಎಡಬಾಗಿಲು, ಉತ್ತರಕ್ಕೆ ಮುಂದಿನ ಸೀಟಿನ ಬೆನ್ನು, ದಕ್ಷಿಣಕ್ಕೆ ಡಿಕ್ಕಿ. ಬರೆದಾದ ಮೇಲೆ ಒಂದು ತೊಡಕು ಕಂಡಿತು. ಕಾರು ತಿರುಗಿದರೆ ಪೂರ್ವಕ್ಕಿದ್ದ ಬಾಗಿಲು ಪಶ್ಚಿಮಕ್ಕೆ ಹೋಗಿ ಇಡೀ ದಾಖಲೆ ಸುಳ್ಳಾಗುತ್ತಿತ್ತು. ಹಾಗಾಗಿ ಕಾರು ಉತ್ತರಕ್ಕೆ ಮುಖ ಮಾಡಿ ಇದ್ದಲ್ಲೇ ಇರತಕ್ಕದ್ದು ಎಂದು ಆದೇಶವಾಯಿತು. ಅದು ಇದ್ದದ್ದು ಕಚೇರಿಯ ಗೇಟಿನ ನಡುವೆ. ಸಿಬ್ಬಂದಿ ಅಂದಿನಿಂದ ಕಾಂಪೌಂಡು ಹತ್ತಿ ಇಳಿದು ಕೆಲಸಕ್ಕೆ ಹಾಜರಾದರು. ಅಡ್ಡಿಯೇನೂ ಆಗಲಿಲ್ಲ.

ಮಹಜರಿಗೆ ಪಂಚರಾಗಿ ಎದುರಿನ ಚಹಾದಂಗಡಿಯ ಹುಲಿಗೆಮ್ಮನನ್ನು ಕರೆಸಲಾಯಿತು. ಅವಳು ಬಗ್ಗಿ ನೋಡಿ, "ಅಯ್ಯ, ಇದು ಸಾಹೇಬ್ರ ರಾಣಿದಲ್ಲೇನ್ರೀ? ವಾರವಾರ ಕಿಟಕ್ಯಾಗೆ ಮುಖ ಇಟ್ಕಂಡು ಹೋಗ್ತೈತಲ್ಲ!" ಎಂದಳು. ಧರ್ಮಪ್ಪನವರು ಕೆಮ್ಮಿದರು. ಕರುಣಾ ಬರೆದಳು: "ಪಂಚರು ಸದರಿ ನಾಯಿಯ ಗುರುತು ಹೇಳಲು ಅಸಮರ್ಥರಾದರು." ಹುಲಿಗೆಮ್ಮ ಹೆಬ್ಬೆಟ್ಟು ಒತ್ತಿ, ಆ ಬೆರಳನ್ನು ಸೀಟಿಗೇ ಒರೆಸಿ ಹೋದಳು.

ಬಳಿಕ ಒಂದು ಪ್ರಕಟಣೆ ಅಂಟಿಸಲಾಯಿತು. "ಸದರಿ ಕೂದಲಿನ ಮೇಲೆ ಹಕ್ಕು, ಹಿತಾಸಕ್ತಿ ಅಥವಾ ತಕರಾರು ಉಳ್ಳವರು ಶುಕ್ರವಾರದೊಳಗೆ ನಾಯಿ ಸಮೇತ ಹಾಜರಾಗತಕ್ಕದ್ದು. ತಪ್ಪಿದಲ್ಲಿ ಕೂದಲಿಗೆ ಯಾರೂ ಇಲ್ಲವೆಂದು ಭಾವಿಸಲಾಗುವುದು."

ಯಾರೂ ಬರಲಾರರು ಎಂದುಕೊಂಡಿದ್ದರೆ ಅದು ತಪ್ಪು. ಶುಕ್ರವಾರ ಮಧ್ಯಾಹ್ನ ಜಡೆಯಿಂದ ಗುತ್ಯಪ್ಪನೇ ಬಂದ. ಹಗ್ಗದ ತುದಿಯಲ್ಲಿ ಒಂದು ಕಂದು ನಾಯಿ ಇತ್ತು. ಬಸ್ಸಿನಲ್ಲಿ ವಾಂತಿ ಮಾಡಿಕೊಂಡು ಅದು ಸಪ್ಪಗಾಗಿತ್ತು.

"ಈ ಕಾರು ನಮ್ಮೂರಿಗೆ ಬಂದಾಗ ನಮ್ಮ ನಾಯಿ ಹತ್ತಿ ಮಲಗಿದ್ರೂ ಮಲಗಿರಬೌದು," ಎಂದ ಗುತ್ಯಪ್ಪ. "ಅರ್ಧ ಕೂದ್ಲು ನಮ್ದು ಅಂತ ಬರ್ಕಳಿ. ಪರಿಹಾರ ಗಿರಿಹಾರ ಬಂದ್ರೆ ನಮ್ಮನ್ನ ಬಿಡ್ಬ್ಯಾಡಿ."

"ಮಾವಾ, ಪರಿಹಾರ ಎಲ್ಲಿದು?" ಎಂದು ತೀರ್ಥೇಶ್ ಪಿಸುಗುಟ್ಟಿದ.

"ಸರ್ಕಾರ ಕಾಗ್ದ ಅಂಟ್ಸಿದ್ಮೇಲೆ ಏನಾದ್ರೂ ಕೊಟ್ಟೇ ಕೊಡ್ತದೆ. ಮತ್ತೆ, ಮಾವ ಅನ್ನೋದು ಪರ್ಮನೆಂಟ್ ಆದ್ಮೇಲೆ."

ಧರ್ಮಪ್ಪನವರಿಗೆ ಹೇಳಲಾರದಷ್ಟು ಸಂತೋಷವಾಯಿತು. ರಾಣಿಯಲ್ಲದ ಒಂದು ನಾಯಿ ಹಗ್ಗ ಸಮೇತ ತಾನಾಗಿಯೇ ಸಿಕ್ಕಿತ್ತು. ಅರ್ಜಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಗುತ್ಯಪ್ಪನಿಗೆ ಚಹಾ, ನಾಯಿಗೆ ಬನ್ನು ಕೊಡಿಸಿದರು.

ಇಷ್ಟಾದರೂ ಕೂದಲು ಸೀಟಿನಲ್ಲೇ ಇತ್ತು. ಸೋಮವಾರದ ಹೊತ್ತಿಗೆ ತೀರ್ಥೇಶನಿಗೆ ಅನ್ನ ಇಳಿಯದಾಗಿತ್ತು. ನಾಳೆ ಭೀಮಣ್ಣನವರು ಬರುತ್ತಾರೆ, ಬಂದು ಸೀಟು ನೋಡುತ್ತಾರೆ, ತನ್ನ ಕಥೆ ಮುಗಿಯುತ್ತದೆ ಎಂದು ಅವನಿಗೆ ಅಳು ಬಂತು. ಎಲ್ಲರೂ ಊಟಕ್ಕೆ ಹೋದಾಗ ಅವನು ಗ್ಲೌಸ್ ಹಾಕಿಕೊಂಡು, ನೀರು ಚಿಮುಕಿಸಿ, ಒಂದೇ ದಿಕ್ಕಿಗೆ ಎಳೆದ. ಹತ್ತು ನಿಮಿಷ ಬೇಕಾಗಲಿಲ್ಲ, ಎಂಟಕ್ಕೇ ಮುಗಿಯಿತು. ನಿಂಬೆಹಣ್ಣಿನ ಗಾತ್ರದ ಉಂಡೆಯನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಅವನು ಒಂದು ವಾರದಲ್ಲಿ ಮೊದಲ ಸಲ ಹೊಟ್ಟೆ ತುಂಬ ಉಂಡ.

ಮಂಗಳವಾರ ಭೀಮಣ್ಣನವರು ಕಾಂಪೌಂಡು ಹತ್ತಿ ಇಳಿದು ಬಂದು, ಕಡತ ಓದಿ, ಸೀಟು ನೋಡಿದರು. ಅವರ ಮುಖ ಕಪ್ಪಿಟ್ಟಿತು.

"ತಕರಾರಿನಲ್ಲಿರುವ ಸ್ವತ್ತು ಎಲ್ಲಿ?"

"ತೆಗ್ದೆ ಸಾರ್. ತಾವೇ ಹೇಳಿದ್ರಲ್ರೀ."

"ಅದು ಬರೀ ಕೂದಲಾಗಿದ್ದಾಗ ಹೇಳಿದ್ದು. ಈಗ ಅದಕ್ಕೆ ಚಕ್ಕುಬಂದಿ ಇದೆ, ಮಹಜರು ಇದೆ, ವಾರಸುದಾರ ಇದ್ದಾನೆ. ಸ್ವತ್ತು ನಾಶ ಮಾಡಿದವನಿಗೆ ಏನಾಗ್ತದೆ ಗೊತ್ತೇನಯ್ಯ?"

ತೀರ್ಥೇಶ್ ಉಂಡೆಯನ್ನು ಜೇಬಿನಿಂದ ತೆಗೆದ. ಕಚೇರಿ ನಿಟ್ಟುಸಿರು ಬಿಟ್ಟಿತು. ಕರುಣಾ ದಾಖಲೆ ಓದಿದಳು, ತೀರ್ಥೇಶ್ ಮಂಡಿಯೂರಿ ಕೂದಲನ್ನು ಬಿಡಿಸಿ ಬಿಡಿಸಿ ಎಲ್ಲೆಯೊಳಗೆ ಹರಡಿದ, ಧರ್ಮಪ್ಪನವರು "ಪೂರ್ವಕ್ಕೆ ಸ್ವಲ್ಪ ತೆಳುವಾಯ್ತು" ಎಂದು ಸೂಚನೆ ಕೊಟ್ಟರು. ಕೆಲಸಕ್ಕೆ ನಾಲ್ಕು ಗಂಟೆ ಹಿಡಿಯಿತು. ಭೀಮಣ್ಣನವರು ಒಮ್ಮೆಯೂ ಕುಳಿತುಕೊಳ್ಳದೆ ನೋಡಿದರು. ಕುಳಿತುಕೊಳ್ಳಲು ಇದ್ದ ಜಾಗ ಅದೊಂದೇ ಆಗಿತ್ತು.

ಕೊನೆಗೆ ಅವರು ಗಂಭೀರವಾಗಿ ಕೇಳಿದರು: "ತಕರಾರು ಕಾಯಂ, ಕಾಯುವವನು ಹಂಗಾಮಿ. ಇದು ಹೇಗೆ ಸಾಧ್ಯ?"

ಕರುಣಾ ಆ ಮಾತನ್ನೂ ಬರೆದುಕೊಂಡಳು. ಆರು ವರ್ಷ ಅಲುಗಾಡದ ತೀರ್ಥೇಶನ ಕಡತ ಹನ್ನೊಂದು ದಿನದಲ್ಲಿ ಹೋಗಿ ಬಂತು. ಅವನನ್ನು ಸದರಿ ಕೂದಲಿನ ಕಾಯಂ ಪಾಲಕನಾಗಿ ನೇಮಿಸಲಾಯಿತು. ಕೂದಲು ಇರುವವರೆಗೆ ಹುದ್ದೆ ಇರುತ್ತದೆ. ಓಡುವ ಕಾರಿಗೆ ದಿಕ್ಕು ಲೆಕ್ಕವಿಲ್ಲ, ನಿಂತಾಗ ಮಾತ್ರ ಉತ್ತರಕ್ಕೆ ಮುಖ ಮಾಡಬೇಕು ಎಂಬ ತಿದ್ದುಪಡಿಯಿಂದ ಗೇಟೂ ಖಾಲಿಯಾಯಿತು. ರಾಣಿ ಈಗ ಭಾನುವಾರದ ಲಾಗ್‌ಬುಕ್ಕಿನಲ್ಲಿ "ಕೂದಲು ನಷ್ಟ ಭರ್ತಿ" ಎಂಬ ಶೀರ್ಷಿಕೆಯಡಿ ರಾಜಾರೋಷವಾಗಿ ಗುಡವಿಗೆ ಹೋಗುತ್ತದೆ. ತಕರಾರನ್ನು ವಾಪಸ್ ಪಡೆಯುವುದಿಲ್ಲ ಎಂದು ಗುತ್ಯಪ್ಪ ಬೀಗರ ಎದುರು ಮುಚ್ಚಳಿಕೆ ಬರೆದುಕೊಟ್ಟ ಮೇಲೆ ವೀಳ್ಯಶಾಸ್ತ್ರ ನಡೆಯಿತು.

ಮದುವೆಯ ದಿನ ಜಡೆಯಲ್ಲಿ ಕಾರು ರಸ್ತೆಗೆ ಅಡ್ಡಲಾಗಿ, ಉತ್ತರಕ್ಕೆ ಮುಖ ಮಾಡಿ ನಿಂತಿತು. ಸೊರಬದ ಬಸ್ಸು ಸದ್ದಿಲ್ಲದೆ ಕಾಯುತ್ತಿತ್ತು. ರಮ್ಯ ಇಳಿದಾಗ ಅವಳ ರೇಷ್ಮೆ ಸೀರೆಯ ಹಿಂಭಾಗವೆಲ್ಲ ಬೂದು ಬಣ್ಣಕ್ಕೆ ತಿರುಗಿತ್ತು. ಅವಳು ನೆರಿಗೆ ಹಿಡಿದು ಕೊಡವಲು ಹೋದಳು.

"ಏಯ್, ಕೊಡವ್ಬ್ಯಾಡ!" ಎಂದು ಗುತ್ಯಪ್ಪ ಓಡಿ ಬಂದ. "ಅದು ನಿನ್ ಗಂಡನ ನೌಕರಿ ಕಣವ್ವ!"

ರಮ್ಯ ಗಂಡನ ಮುಖ ನೋಡಿದಳು. ಅವನು ತಲೆ ತಗ್ಗಿಸಿದ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಕೂದಲನ್ನು ಒಂದೊಂದಾಗಿ ಬಿಡಿಸಿ ಸೀಟಿಗೆ ಅಂಟಿಸತೊಡಗಿದಳು. ಮುತ್ತೈದೆಯರು ಆರತಿ ತಟ್ಟೆ ಕೆಳಗಿಟ್ಟು ಕೈಗೂಡಿಸಿದರು. ಬಸ್ಸಿನವರೂ ಇಳಿದು ಬಂದು, ತಮ್ಮ ಕಡೆಯಿಂದಲೂ ನಾಲ್ಕು ಕೂದಲು ಇರಲಿ ಎಂದು ಊರಿನ ನಾಯಿಗಳನ್ನು ಹಿಡಿದು ತಂದರು.